ಈ ಮೆಮೊರಿ ಯಾರದ್ದು, ಎಲ್ಲಿಯವರೆಗೆ? ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್ ಬರೆಯುವವರಿಗೆ ಒಂದು ಟಿಪ್ಪಣಿ

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಡೇಟಾಬೇಸಿನ ಮೆಮೊರಿಯ ಬಗ್ಗೆ ಮಾತಾಡ್ತೇನೆ ಅಂತ ಶೀರ್ಷಿಕೆ ಕಳಿಸಿದಾಗ, "ಇದು ಕಂಪ್ಯೂಟರ್ ವಿಭಾಗದ ವಿಷಯ ಅಲ್ಲವಾ?" ಅಂತ ಒಬ್ಬರು ಮೇಡಂ ಕೇಳಿದರು. ಕೇಳಿದ್ದು ಸರಿಯೇ. ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಸಿ ಭಾಷೆ ಕಲಿತದ್ದು ಅರೆಬರೆ. ಆದರೆ ಆ ಅರೆಬರೆಯಿಂದಾಗಿಯೇ ನಮ್ಮ ಕಾಸರಗೋಡಿನ ಪದಸಂಗ್ರಹದೊಳಗೆ ಒಂದು ತಪ್ಪು ಹೊಕ್ಕಿತು. ಅದು ಸಹಪಾಠಿಯೊಬ್ಬರ ಪ್ರಬಂಧದ ಅಧ್ಯಾಯದವರೆಗೂ ಹೋಯಿತು. ಕಂಪ್ಯೂಟರ್ ಎಲ್ಲಿಯೂ ನಿಲ್ಲಲಿಲ್ಲ, ಒಂದು ಎಚ್ಚರಿಕೆಯ ಸಾಲು ಸಹ ತೋರಿಸಲಿಲ್ಲ. ಮುಂದೆ ಇಂಥ ಕೆಲಸ ಮಾಡುವವರಿಗಾಗಿ ನಾನು ಬರೆದಿಟ್ಟ ಟಿಪ್ಪಣಿಯೇ ಇವತ್ತಿನ ಮಾತು. ಅದನ್ನು ಹೇಗೆ ಬರೆಯಬೇಕಾಯಿತು ಎನ್ನುವುದನ್ನೂ ಸೇರಿಸಿ ಹೇಳ್ತೇನೆ.

ಮೊದಲು ಸಂಗ್ರಹದ ವಿಷಯ. ಕಾಸರಗೋಡಿನಲ್ಲಿ ಒಂದೇ ಮನೆಯ ಮಾತಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬರುವುದು ನಿಮಗೆ ಗೊತ್ತುಂಟು. ನಮ್ಮವರು ಊರೂರಿಗೆ ಹೋಗಿ ಪದ ಬರೆದುಕೊಂಡು ಬಂದರು, ಜೊತೆಗೆ ಧ್ವನಿಮುದ್ರಣವೂ ಉಂಟು. ಬರೆದದ್ದು ಕನ್ನಡ ಲಿಪಿಯಲ್ಲಿ. ಇಲ್ಲಿ ಒಂದು ಹಳೆಯ ತಕರಾರು ಇದೆ: ಪದದ ಕೊನೆಯ ಅರ್ಧ ಉಕಾರ. ಮಲಯಾಳದವರು ಅದಕ್ಕೆ ಸಂವೃತೋಕಾರ ಅನ್ನುತ್ತಾರೆ, ಬರೆಯುವಾಗ ಚಂದ್ರಕಲೆ ಹಾಕುತ್ತಾರೆ. ಕನ್ನಡ ಲಿಪಿಯಲ್ಲಿ ತುಳು ಬರೆಯುವವರಲ್ಲಿ ಕೆಲವರು ಕೊನೆಗೆ ವ್ಯಂಜನ ಬರೆದು ಬಿಡುತ್ತಾರೆ, ಕೆಲವರು ಕೊಂಬು ಕೊಡುತ್ತಾರೆ. ನಮ್ಮ ಸಂಗ್ರಾಹಕರೂ ಹಾಗೆಯೇ. ಕುಂಬಳೆ ಕಡೆಯ ನೋಟ್‌ಬುಕ್‌ನಲ್ಲಿ ಕೊನೆಯ ವ್ಯಂಜನ ಅಂದರೆ ಅರ್ಧ ಉಕಾರ ಅಂತ ಅರ್ಥ. ಮುಳ್ಳೇರಿಯ ಕಡೆಯದ್ದರಲ್ಲಿ ಕೊನೆಯ ವ್ಯಂಜನ ಅಂದರೆ ವ್ಯಂಜನವೇ. "ಬಸ್" ಅಂದರೆ "ಬಸ್".

ಹಾಗಾಗಿ ಊರಿನ ಹೆಸರು ನೋಡಿ ಪದವನ್ನು ಒಂದೇ ರೂಪಕ್ಕೆ ತರುವ ಫಂಕ್ಷನ್ ಬೇಕಾಯಿತು. ಪೋಸ್ಟ್‌ಗ್ರೆಸ್‌ನೊಳಗೆ ಸಿ ಭಾಷೆಯಲ್ಲಿ ನಮ್ಮದೇ ಫಂಕ್ಷನ್ ಬರೆದು ಎಕ್ಸ್‌ಟೆನ್ಶನ್ ಆಗಿ ಸೇರಿಸಬಹುದು. ಯೂನಿಕೋಡ್ ರೂಪ ಸರಿಮಾಡ್ಲಿಕ್ಕೆ ಮಾತ್ರ ಆಗಿದ್ದರೆ ಇದು ಬೇಡವಾಗಿತ್ತು, 13ನೇ ಆವೃತ್ತಿಯಿಂದ ಅದಕ್ಕೆ ಒಳಗೇ ಫಂಕ್ಷನ್ ಉಂಟು. ನಮಗೆ ಬೇಕಾದದ್ದು ಊರಿನ ನಿಯಮ, ಮತ್ತು ಪದವನ್ನು ಮಲಯಾಳ ಲಿಪಿಗೆ ತಿರುಗಿಸುವ ಕೆಲಸ. ಎರಡನೆಯದಕ್ಕೆ ಐಸಿಯು ಎಂಬ ಹೊರಗಿನ ಲೈಬ್ರರಿ ಬಳಸಿದೆ.

ಈಗ ಮೆಮೊರಿ. ಸಾಧಾರಣ ಸಿ ಪ್ರೋಗ್ರಾಮಿನಲ್ಲಿ ಮ್ಯಾಲಾಕ್ ಕರೆದು ಜಾಗ ಪಡೆಯುತ್ತೇವೆ, ಕೆಲಸ ಮುಗಿದ ಮೇಲೆ ಫ್ರೀ ಕರೆದು ಹಿಂದೆ ಕೊಡುತ್ತೇವೆ. ಪೋಸ್ಟ್‌ಗ್ರೆಸ್‌ನೊಳಗೆ ಪಿ-ಅಲಾಕ್, ಪಿ-ಫ್ರೀ ಎಂಬ ಬೇರೆ ಜೋಡಿ ಇದೆ. ಹೆಸರು ಒಂದೇ ತರ ಕಾಣುವುದರಿಂದ "ಒಂದು ಅಕ್ಷರ ಬದಲಾಯಿಸಿದರೆ ಆಯಿತು" ಅಂತ ನನ್ನ ಹಾಗಿನವರಿಗೆ ಅನ್ನಿಸ್ತದೆ. ಅದು ಹಾಗಲ್ಲ. ಪಿ-ಅಲಾಕ್ ಕೊಡುವ ಪ್ರತಿಯೊಂದು ಜಾಗವೂ ಒಂದು ಮೆಮೊರಿ ಕಾಂಟೆಕ್ಸ್ಟ್‌ಗೆ ಸೇರಿರುತ್ತದೆ. ಆ ಕಾಂಟೆಕ್ಸ್ಟ್ ಖಾಲಿಯಾದಾಗ ಅದರಲ್ಲಿದ್ದದ್ದೆಲ್ಲ ಒಟ್ಟಿಗೆ ಹೋಗುತ್ತದೆ, ನಾವು ಕೇಳಲಿ ಬಿಡಲಿ.

ನಮ್ಮಲ್ಲಿ ಊಟದ ಹಂತಿ ಅನ್ನುತ್ತೇವೆ, ಸೋಲಾಪುರದ ಗೆಳೆಯರು ಪಂಗತ್ ಅನ್ನಬಹುದು. ಒಂದು ಹಂತಿ ಎದ್ದ ಕೂಡಲೇ ಎಲೆ ಎಲ್ಲ ಎತ್ತುತ್ತಾರೆ, ಯಾರ ಎಲೆಯಲ್ಲಿ ಎಂತ ಉಂಟು ಅಂತ ನೋಡುವುದಿಲ್ಲ. ಉಗ್ರಾಣದ ಪಾತ್ರೆಗಳು ಸಮಾರಂಭ ಮುಗಿಯುವವರೆಗೆ ಇರುತ್ತವೆ. ಮನೆಯ ಸ್ವಂತ ಪಾತ್ರೆಗಳು ಮನೆ ಇರುವವರೆಗೆ. ಪೋಸ್ಟ್‌ಗ್ರೆಸ್‌ನಲ್ಲೂ ಹಾಗೆಯೇ: ಟೇಬಲ್ಲಿನ ಒಂದೊಂದು ಸಾಲಿಗೂ ಖಾಲಿಯಾಗುವ ಕಾಂಟೆಕ್ಸ್ಟ್ ಇದೆ, ಕ್ವೆರಿ ಮುಗಿಯುವವರೆಗೆ ಇರುವಂಥದ್ದು ಇದೆ, ಟ್ರಾನ್ಸಾಕ್ಷನ್ ಮುಗಿಯುವವರೆಗಿನದ್ದು ಇದೆ, ಎಲ್ಲಕ್ಕೂ ಮೇಲೆ ಟಾಪ್ ಮೆಮೊರಿ ಕಾಂಟೆಕ್ಸ್ಟ್, ಅದು ಆ ಸಂಪರ್ಕದ ಪ್ರಕ್ರಿಯೆ ಸಾಯುವವರೆಗೆ ಇರುತ್ತದೆ. ನಮ್ಮ ಫಂಕ್ಷನನ್ನು ಸಾಲುಸಾಲಿಗೂ ಕರೆಯುವಾಗ ನಾವು ಕುಳಿತಿರುವುದು ಹಂತಿಯಲ್ಲಿ. ಇದನ್ನು ಯಾರೂ ನಮಗೆ ಕೂಗಿ ಹೇಳುವುದಿಲ್ಲ. ಪೋಸ್ಟ್‌ಗ್ರೆಸ್‌ನ ಮೂಲಕೋಡಿನಲ್ಲಿ ಮೆಮೊರಿಯ ಕಡತದ ಜೊತೆ ಇರುವ ರೀಡ್‌ಮಿಯಲ್ಲಿ ಎಲ್ಲ ವಿವರವಾಗಿ ಉಂಟು. ನಾನು ಓದಿದ್ದು ತಪ್ಪು ಆದ ಮೇಲೆ.

ತಪ್ಪು ಹೀಗೆ ಆಯಿತು. ಪ್ರತಿ ಸಾಲಿಗೂ ನಿಯಮದ ಟೇಬಲ್ ತೆರೆದು ನೋಡಿದರೆ ನಿಧಾನ ಆಗ್ತದೆ. ಒಂದೇ ಊರಿನ ಪದಗಳು ಸಾಲಾಗಿ ಬರುತ್ತವಲ್ಲ, ಹಿಂದಿನ ಊರಿನ ಹೆಸರು ಮತ್ತು ಅದರ ನಿಯಮದ ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು ಅಂತ ಲೆಕ್ಕ ಹಾಕಿದೆ. ಸ್ಟ್ಯಾಟಿಕ್ ಆಗಿ ಎರಡು ವೇರಿಯಬಲ್: ಊರಿನ ಹೆಸರಿಗೆ ಒಂದು ಪಾಯಿಂಟರ್, ನಿಯಮಕ್ಕೆ ಒಂದು ಸಂಖ್ಯೆ. ಹೊಸ ಸಾಲು ಬಂದಾಗ ಊರಿನ ಹೆಸರನ್ನು ಸಿ ಸ್ಟ್ರಿಂಗ್ ಆಗಿ ಮಾಡುವುದು, ಹಿಂದಿನದ್ದರ ಜೊತೆ ಹೋಲಿಸುವುದು, ಒಂದೇ ಆಗಿದ್ದರೆ ಹಳೆಯ ನಿಯಮ, ಬೇರೆಯಾದರೆ ಹೊಸದನ್ನು ಹುಡುಕುವುದು.

ಓದಿದರೆ ಎಲ್ಲ ಸರಿ ಕಾಣುತ್ತದೆ. ಆದರೆ ನಾನು ನೆನಪಿಟ್ಟುಕೊಂಡದ್ದು ಹೆಸರನ್ನಲ್ಲ, ಹೆಸರು ಇದ್ದ ಜಾಗದ ವಿಳಾಸವನ್ನು. ಆ ಜಾಗ ಇದ್ದದ್ದು ಎಲೆಯ ಮೇಲೆ. ಮೊದಲ ಸಾಲು ಮುಗಿಯಿತು, ಎಲೆ ಎತ್ತಿದರು. ಎರಡನೇ ಸಾಲಿಗೆ ಅದೇ ಜಾಗದಲ್ಲಿ ಹೊಸ ಎಲೆ ಹಾಕಿದರು. ಕಾಂಟೆಕ್ಸ್ಟ್ ಖಾಲಿಯಾದಾಗ ಅದರ ಮೊದಲ ತುಂಡು, ಸಾಮಾನ್ಯವಾಗಿ 8 ಕಿಲೋಬೈಟಿನದ್ದು, ಹಾಗೇ ಉಳಿಯುತ್ತದೆ. ಹಂಚಿಕೆ ಮತ್ತೆ ಅದರ ಆರಂಭದಿಂದಲೇ ಶುರುವಾಗುತ್ತದೆ. ನಮ್ಮ ಸರಳ ಕ್ವೆರಿಯಲ್ಲಿ ಪ್ರತಿ ಸಾಲಿಗೂ ಮೊದಲು ಪಡೆಯುವ ಜಾಗ ಊರಿನ ಹೆಸರಿನದ್ದೇ. ಹಾಗಾಗಿ ಎರಡನೇ ಸಾಲಿನ ಊರಿನ ಹೆಸರು ಬಂದು ಕುಳಿತದ್ದು ಮೊದಲನೆಯದರ ವಿಳಾಸದಲ್ಲೇ. ಆಮೇಲೆ ನಾನು "ಹಳೆಯ" ಹೆಸರನ್ನೂ ಹೊಸ ಹೆಸರನ್ನೂ ಹೋಲಿಸಿದೆ. ಎರಡೂ ಒಂದೇ ಜಾಗ, ಎರಡೂ ಒಂದೇ ಹೆಸರು. ಎಷ್ಟು ಸಾವಿರ ಸಾಲು ಬಂದರೂ, ಎಷ್ಟು ಊರು ಬದಲಾದರೂ ಉತ್ತರ "ಅದೇ ಊರು". ಮೊದಲ ಸಾಲು ಕುಂಬಳೆಯದ್ದಾಗಿತ್ತು. ಇಡೀ ಸಂಗ್ರಹಕ್ಕೆ ಕುಂಬಳೆಯ ನಿಯಮ ಬಿತ್ತು.

ಒಂದೇ ಅಪ್‌ಡೇಟ್‌ನಲ್ಲಿ ಎಲ್ಲ ಪದಗಳ ರೂಪ ಲೆಕ್ಕ ಹಾಕಿ ಬೇರೆ ಕಾಲಮ್ಮಿನಲ್ಲಿ ಉಳಿಸಿದೆವು. ಮುಳ್ಳೇರಿಯ ಕಡೆಯ "ಬಸ್" ಸಹ ಅರ್ಧ ಉಕಾರದ ಪದ ಆಯಿತು. ಸಹಪಾಠಿ ಆ ಕಾಲಮ್ ಎಣಿಸಿ, ಎಲ್ಲ ಊರುಗಳಲ್ಲೂ ಪದಾಂತ್ಯದ ಅರ್ಧ ಉಕಾರ ಏಕರೂಪವಾಗಿದೆ, ಮಲಯಾಳದ ಪ್ರಭಾವ ಊರಿಂದ ಊರಿಗೆ ಬದಲಾಗುವುದಿಲ್ಲ ಅಂತ ಅಧ್ಯಾಯ ಬರೆದರು. ಕೇಳ್ಲಿಕ್ಕೆ ಚಂದದ ತೀರ್ಮಾನ. ಅದನ್ನು ತಡೆದದ್ದು ನನ್ನ ಟೆಸ್ಟ್ ಅಲ್ಲ, ಒಬ್ಬರು ಅಜ್ಜಿಯ ಧ್ವನಿ. ಬೇರೆ ಯಾವುದಕ್ಕೋ ಆ ಮುದ್ರಣ ಹಾಕಿದಾಗ ಪದ ವ್ಯಂಜನದಲ್ಲೇ ಕಡಿದು ನಿಲ್ಲುವುದು ಸ್ಪಷ್ಟವಾಗಿ ಕೇಳಿತು. ಹೊಸದಾಗಿ ಸಂಪರ್ಕಿಸಿ ಆ ಊರನ್ನು ಮಾತ್ರ ಆಯ್ದು ಕ್ವೆರಿ ಓಡಿಸಿದರೆ ಒಂದು ಉತ್ತರ, ಇಡೀ ಟೇಬಲ್ ಓಡಿಸಿದರೆ ಅದೇ ಪದಕ್ಕೆ ಇನ್ನೊಂದು. ಆಗ ಕೈಕಾಲು ತಣ್ಣಗಾಯಿತು ನೋಡಿ.

ಇಂಥದ್ದನ್ನು ಹಿಡಿಯುವ ವ್ಯವಸ್ಥೆ ಇಲ್ಲವಾ ಅಂದರೆ, ಉಂಟು. ಪೋಸ್ಟ್‌ಗ್ರೆಸನ್ನು ಸಿ-ಅಸರ್ಟ್ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ, ಬಿಟ್ಟುಕೊಟ್ಟ ಮೆಮೊರಿಯ ಮೇಲೆಲ್ಲ ಹದಿನಾರರ ಲೆಕ್ಕದ 7ಎಫ್ ಎಂಬ ಬೈಟ್ ತುಂಬಿಡುತ್ತದೆ. ಹಳೆಯ ಪಾಯಿಂಟರ್ ಬಳಸಿದರೆ ಕಸ ಕಾಣಿಸುತ್ತದೆ, ಇಲ್ಲವೇ ಪ್ರೋಗ್ರಾಂ ಬೀಳುತ್ತದೆ. ಎಕ್ಸ್‌ಟೆನ್ಶನ್ ಬರೆಯುವ ಎಲ್ಲರೂ ಅಂಥ ಕಂಪೈಲಿನಲ್ಲೇ ಟೆಸ್ಟ್ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ತಪ್ಪನ್ನು ಅದೂ ಹಿಡಿಯಲಿಲ್ಲ. ಯಾಕೆಂದರೆ ನಾನು ಹೋಲಿಸುವ ಹೊತ್ತಿಗೆ ಆ ಕಸದ ಮೇಲೆ ಹೊಸ ಊರಿನ ಹೆಸರು ಬರೆದಾಗಿರುತ್ತಿತ್ತು. ಎರಡು ಊರು ಇರುವ ಟೆಸ್ಟ್ ಮಾತ್ರ ಇದನ್ನು ಹಿಡಿಯಬಲ್ಲದು. ನನ್ನ ಟೆಸ್ಟ್‌ನಲ್ಲಿ ಒಂದೇ ಊರು ಇತ್ತು.

ಸರಿಮಾಡುವ ಕ್ರಮ ಹೊಸದೇನಲ್ಲ. ಫಂಕ್ಷನ್ ಕರೆಯ ಮಾಹಿತಿಯ ಜೊತೆ ಎಫ್‌ಎನ್-ಎಕ್ಸ್‌ಟ್ರಾ ಎಂಬ ಜಾಗ ಉಂಟು, ಕ್ವೆರಿ ಮುಗಿಯುವವರೆಗೆ ನೆನಪಿಡಬೇಕಾದದ್ದನ್ನು ಅಲ್ಲಿ ತೂಗಿ ಹಾಕಬಹುದು. ಅದರ ಮೆಮೊರಿಯನ್ನು ಎಫ್‌ಎನ್-ಎಂಸಿಎಕ್ಸ್‌ಟಿ ಎಂಬ ಕಾಂಟೆಕ್ಸ್ಟ್‌ನಿಂದ ಪಡೆಯಬೇಕು. ಊರಿನ ಹೆಸರನ್ನು ಅಲ್ಲಿಗೆ ನಕಲು ಮಾಡಬೇಕು. ಊರು ಬದಲಾದಾಗ ಹಳೆಯ ನಕಲನ್ನು ಪಿ-ಫ್ರೀ ಮಾಡಿ ಹೊಸದನ್ನು ಇಡಬೇಕು, ಇಲ್ಲದಿದ್ದರೆ ಅದೇ ಒಂದು ಸಣ್ಣ ಸೋರಿಕೆ. ಹೆದರಿಕೆಯಿಂದ ಎಲ್ಲವನ್ನೂ ಟಾಪ್ ಮೆಮೊರಿ ಕಾಂಟೆಕ್ಸ್ಟ್‌ಗೆ ಹಾಕುವವರೂ ಇದ್ದಾರೆ, ಒಂದು ವಾರ ನಾನೂ ಹಾಗೆಯೇ ಮಾಡಿದ್ದೆ. ತಪ್ಪು ಉತ್ತರ ಬರುವುದಿಲ್ಲ ನಿಜ. ಆದರೆ ಎಲೆಯನ್ನೂ ಮನೆಯ ಕಪಾಟಿನಲ್ಲಿ ಜೋಡಿಸಿಟ್ಟರೆ ಸಂಜೆಯ ಹೊತ್ತಿಗೆ ಎಂತ ಆಗ್ತದೆ ಅಂತ ಹೇಳಬೇಕಾಗಿಲ್ಲ.

ಇದೇ ಜಾತಿಯ ಇನ್ನೆರಡನ್ನು ಬೇಗ ಹೇಳಿ ಮುಂದೆ ಹೋಗ್ತೇನೆ. ಎಸ್‌ಪಿಐ ಮೂಲಕ ನಿಯಮದ ಟೇಬಲ್ ನೋಡುವಾಗ, ಎಸ್‌ಪಿಐ ತೆರೆದಲ್ಲಿಂದ ಮುಗಿಸುವವರೆಗೆ ಪಡೆದ ಮೆಮೊರಿ ಮುಗಿಸಿದ ಕೂಡಲೇ ಹೋಗುತ್ತದೆ. ಉತ್ತರ ಹೊರಗೆ ಬೇಕಾದರೆ ಎಸ್‌ಪಿಐ-ಪಿ-ಅಲಾಕ್ ಬಳಸಿ ಮೇಲಿನ ಕಾಂಟೆಕ್ಸ್ಟ್‌ಗೆ ನಕಲು ಮಾಡಬೇಕು. ಒಂದು ಪದಕ್ಕೆ ಹಲವು ರೂಪಗಳನ್ನು ಒಂದೊಂದೇ ಸಾಲಾಗಿ ಹಿಂತಿರುಗಿಸುವ ಫಂಕ್ಷನ್ ಆದರೆ, ಕರೆಯಿಂದ ಕರೆಗೆ ಉಳಿಯಬೇಕಾದದ್ದನ್ನು ಮಲ್ಟಿ-ಕಾಲ್ ಕಾಂಟೆಕ್ಸ್ಟ್‌ನಲ್ಲಿ ಇಡಬೇಕು. ಮೂರಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಮೆಮೊರಿ ಯಾರದ್ದು, ಎಲ್ಲಿಯವರೆಗೆ?

ಈ ಪ್ರಶ್ನೆಗೆ ಉತ್ತರ ಪೂರ್ತಿ ಬೇರೆಯಾಗುವುದು ಹೊರಗಿನ ಲೈಬ್ರರಿ ಬಂದಾಗ. ಐಸಿಯುನಲ್ಲಿ ಲಿಪಿ ತಿರುಗಿಸುವ ಯಂತ್ರವನ್ನು ತೆರೆದರೆ ಅದು ಮೆಮೊರಿ ಪಡೆಯುವುದು ಮ್ಯಾಲಾಕ್‌ನಿಂದ. ಅದು ನೆರೆಮನೆಯಿಂದ ತಂದ ಪಾತ್ರೆ. ಹಂತಿ ಎದ್ದರೂ, ಸಮಾರಂಭ ಮುಗಿದರೂ ಅದನ್ನು ಯಾರೂ ಎತ್ತುವುದಿಲ್ಲ, ನಾವೇ ಮುಚ್ಚಿ ಹಿಂದೆ ಕೊಡಬೇಕು. ನಾನು ಮುಚ್ಚುತ್ತಿದ್ದೆ, ಫಂಕ್ಷನ್ನಿನ ಕೊನೆಯ ಸಾಲಿನಲ್ಲಿ. ಆದರೆ ನಡುವೆ ಪದ ಕೆಟ್ಟದ್ದಾಗಿದ್ದರೆ ಇ-ರಿಪೋರ್ಟ್ ಕರೆದು ದೋಷ ಎಸೆಯುತ್ತಿದ್ದೆ. ಪೋಸ್ಟ್‌ಗ್ರೆಸ್‌ನಲ್ಲಿ ದೋಷ ಎಸೆದರೆ ಫಂಕ್ಷನ್ ಅಲ್ಲಿಂದ ಹಿಂತಿರುಗುವುದಿಲ್ಲ; ಲಾಂಗ್-ಜಂಪ್ ಎಂಬ ನೆಗೆತದಲ್ಲಿ ಮೇಲಿನ ಯಾವುದೋ ಮಟ್ಟಕ್ಕೆ ಹಾರುತ್ತದೆ. ಕೆಳಗಿನ ಸಾಲುಗಳು ಓಡುವುದೇ ಇಲ್ಲ. ಪಿ-ಅಲಾಕ್‌ನ ಮೆಮೊರಿಯನ್ನು ಪೋಸ್ಟ್‌ಗ್ರೆಸ್ ತಾನೇ ಗುಡಿಸುತ್ತದೆ. ನೆರೆಮನೆಯ ಪಾತ್ರೆ ಅಲ್ಲೇ ಉಳಿಯಿತು.

ಕೆಟ್ಟ ಪದ ಬಂದರೆ ಬಿಟ್ಟು ಮುಂದೆ ಹೋಗುವ ಹಾಗೆ ನಮ್ಮ ಆಮದಿನ ಸ್ಕ್ರಿಪ್ಟ್ ಇತ್ತು. ಒಂದೇ ಸೆಶನ್ನಿನಲ್ಲಿ ಪ್ರತಿ ಕೆಟ್ಟ ಪದಕ್ಕೂ ಒಂದೊಂದು ಪಾತ್ರೆ ಬಾಕಿ. ಆ ಪ್ರಕ್ರಿಯೆ ತಿನ್ನುವ ಮೆಮೊರಿ ಏರುತ್ತಾ ಹೋಗುವುದನ್ನು ಕಂಡು, 14ನೇ ಆವೃತ್ತಿಯಿಂದ ಬಂದ ಪಿಜಿ-ಬ್ಯಾಕೆಂಡ್-ಮೆಮೊರಿ-ಕಾಂಟೆಕ್ಸ್ಟ್ಸ್ ಎಂಬ ನೋಟವನ್ನು ತೆರೆದು ನೋಡಿದೆ. ಅದರಲ್ಲಿ ಎಲ್ಲ ಸರಿಯಾಗಿಯೇ ಇತ್ತು! ಅದು ತೋರಿಸುವುದು ಪೋಸ್ಟ್‌ಗ್ರೆಸ್‌ನ ಸ್ವಂತ ಕಾಂಟೆಕ್ಸ್ಟ್‌ಗಳನ್ನು ಮಾತ್ರ. ಇದನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಆಪರೇಟಿಂಗ್ ಸಿಸ್ಟಮ್ ಹೇಳುವ ಸಂಖ್ಯೆ ದೊಡ್ಡದಾಗುತ್ತಾ ಹೋಗಿ, ಈ ನೋಟದ ಸಂಖ್ಯೆ ಸಣ್ಣದಾಗಿಯೇ ಇದ್ದರೆ, ಹೊರಗಿನ ಲೈಬ್ರರಿಯನ್ನು ಮೊದಲು ನೋಡಿ. ಬಿಟ್ಟರೆ ಲಿನಕ್ಸ್ ಮೆಮೊರಿ ಸಾಲದೆ ಆ ಒಂದು ಪ್ರಕ್ರಿಯೆಯನ್ನು ಕೊಲ್ಲಬಹುದು. ಆಗ ಹೋಗುವುದು ಅದೊಂದೇ ಅಲ್ಲ. ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಎಂಬ ಅನುಮಾನದಿಂದ ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು ಮತ್ತೆ ಎದ್ದೇಳುತ್ತದೆ. ಬೇರೆ ಬೇರೆ ಊರುಗಳಲ್ಲಿ ಕುಳಿತು ಪದ ತುಂಬುತ್ತಿರುವ ಎಲ್ಲರ ಅರ್ಧ ಕೆಲಸ ಹೋಗುತ್ತದೆ.

ಇದಕ್ಕೆ ಎರಡು ದಾರಿ. ಪಿಜಿ-ಟ್ರೈ ಒಳಗೆ ಕೆಲಸ ಮಾಡಿ, ಪಿಜಿ-ಫೈನಲಿಯಲ್ಲಿ ಮುಚ್ಚುವುದು ಒಂದು. ಫೈನಲಿ ಬಂದದ್ದು 13ರಲ್ಲಿ. ಆ ಟ್ರೈ ಒಳಗಿನಿಂದ ರಿಟರ್ನ್ ಮಾಡಬಾರದು, ಒಳಗೆ ಬದಲಾಯಿಸಿ ಹೊರಗೆ ಬಳಸುವ ವೇರಿಯಬಲ್‌ಗೆ ವೊಲಟೈಲ್ ಎಂದು ಹಾಕಬೇಕು. ಈ ಎರಡು ಷರತ್ತು ಮರೆಯುವುದು ಬಹಳ ಸುಲಭ. ನನಗೆ ಹಿಡಿಸಿದ್ದು ಇನ್ನೊಂದು: ಯಂತ್ರವನ್ನು ಕ್ವೆರಿಗೆ ಒಮ್ಮೆ ಮಾತ್ರ ತೆರೆದು ಎಫ್‌ಎನ್-ಎಕ್ಸ್‌ಟ್ರಾದಲ್ಲಿ ಇಡುವುದು, ಮತ್ತು ಆ ಕಾಂಟೆಕ್ಸ್ಟ್ ಖಾಲಿಯಾಗುವಾಗ ಮುಚ್ಚುವ ಫಂಕ್ಷನ್ ಕರೆಯಬೇಕು ಅಂತ ರೀಸೆಟ್ ಕಾಲ್‌ಬ್ಯಾಕ್ ನೋಂದಾಯಿಸುವುದು. 9.5ರಿಂದ ಈ ಸೌಲಭ್ಯ ಇದೆ. ಸಮಾರಂಭ ಮುಗಿಯುವಾಗ ನೆರೆಮನೆಗೆ ಪಾತ್ರೆ ಕೊಡ್ಲಿಕ್ಕೆ ಒಬ್ಬರನ್ನು ಮೊದಲೇ ನೇಮಿಸಿದ ಹಾಗೆ.

ಕನ್ನಡಕ್ಕೇ ವಿಶೇಷವಾಗಿ ತಾಗುವ ಒಂದು ಗುಂಡಿ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ಕ್ಷ" ನಮಗೆ ಒಂದು ಅಕ್ಷರ, ಅಲ್ಲಿ ಮೂರು ಸಂಕೇತ, 9 ಬೈಟ್. "ಕೋ" ಒಂದು ರೂಪದಲ್ಲಿ 6 ಬೈಟ್. ಅದರ ಸ್ವರಚಿಹ್ನೆಯನ್ನು ಬಿಡಿಸಿ ಎತ್ವ, ದೀರ್ಘ ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತಾಗಿ ಬರೆದರೆ 12 ಬೈಟ್. ಪರದೆಯ ಮೇಲೆ ಎರಡೂ ಒಂದೇ. "ಹತ್ತು ಅಕ್ಷರದ ಪದ, ನಲವತ್ತು ಬೈಟ್ ಸಾಕು" ಅಂತ ಜಾಗ ಪಡೆದವರು ಪಕ್ಕದವರ ಜಾಗದಲ್ಲಿ ಬರೆಯುತ್ತಾರೆ. ಇದರ ಮೇಲೆ ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಸಿ ಸ್ಟ್ರಿಂಗ್ ಅಲ್ಲ. ಕೊನೆಯಲ್ಲಿ ಸೊನ್ನೆ ಬೈಟ್ ಇರುವುದಿಲ್ಲ, ಮುಂದೆ ಉದ್ದ ಹೇಳುವ ತಲೆಪಟ್ಟಿ ಇರುತ್ತದೆ. ಟೇಬಲ್ಲಿನಲ್ಲಿ ಉಳಿಸುವಾಗ ಪಠ್ಯ 126 ಬೈಟಿನೊಳಗೆ ಇದ್ದರೆ ತಲೆಪಟ್ಟಿ 1 ಬೈಟಿಗೆ ಕುಗ್ಗಬಹುದು, ಇಲ್ಲದಿದ್ದರೆ 4 ಬೈಟ್. 126ನ್ನು 3ರಿಂದ ಭಾಗಿಸಿ: 42 ಸಂಕೇತ. ಅಂದರೆ ನಮ್ಮ ಪದಗಳೆಲ್ಲ ಗಿಡ್ಡ ತಲೆಪಟ್ಟಿಯವು, ಅರ್ಥವಿವರಣೆಗಳಲ್ಲಿ ಹೆಚ್ಚಿನವು ಉದ್ದ ತಲೆಪಟ್ಟಿಯವು. ಕ್ವೆರಿಯಲ್ಲೇ ಕೈಯಿಂದ ಬರೆದ ಪದಕ್ಕೆ ಮಾತ್ರ ಯಾವಾಗಲೂ 4 ಬೈಟ್. ಎರಡೂ ಬಗೆಯ ತಲೆಪಟ್ಟಿ ತಿಳಿಯುವ ಮ್ಯಾಕ್ರೋಗಳು ಬೇರೆ, ಉದ್ದದ್ದು ಮಾತ್ರ ತಿಳಿಯುವವು ಬೇರೆ. ತಪ್ಪು ಮ್ಯಾಕ್ರೋ ಹಾಕಿದರೆ ಕೈಯಿಂದ ಬರೆದು ಮಾಡಿದ ಟೆಸ್ಟ್ ಪಾಸ್ ಆಗ್ತದೆ, ಟೇಬಲ್ಲಿನ ಪದಕ್ಕೆ ಮೊದಲ ಬೈಟುಗಳು ಕಡಿದು ಹೋಗ್ತವೆ.

ಹಾಗೆಯೇ ನಮಗೆ ಕೊಟ್ಟ ಪಠ್ಯವನ್ನು ಅದಿದ್ದಲ್ಲೇ ತಿದ್ದಬಾರದು. ಆ ಪಾಯಿಂಟರ್ ನೇರವಾಗಿ ಡೇಟಾಬೇಸಿನ ಪುಟದ ಒಳಗೇ ತೋರಿಸುತ್ತಿರಬಹುದು. ಕೊನೆಯ ಅಕ್ಷರ ತಿದ್ದುತ್ತೇನೆ ಅಂತ ಹೊರಟವರು, ಊರಿನವರು ಹೇಳಿ ನಮ್ಮವರು ಬರೆದುಕೊಂಡ ಮೂಲಪಾಠವನ್ನೇ ಅಳಿಸಿಬಿಟ್ಟಾರು. ಗ್ರಂಥಸಂಪಾದನೆ ಓದಿದ ನಮಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾ?

ಇನ್ನು ಬರವಣಿಗೆಯ ವಿಷಯ. ನನ್ನ ಮೊದಲ ಟಿಪ್ಪಣಿ ನಿಯಮಗಳ ಪಟ್ಟಿಯಾಗಿತ್ತು: ಮ್ಯಾಲಾಕ್ ಬಳಸಬೇಡಿ, ಪಿ-ಫ್ರೀಗೆ ನಲ್ ಕೊಡಬೇಡಿ (ಸಾಧಾರಣ ಫ್ರೀಗೆ ಕೊಡಬಹುದು, ಇಲ್ಲಿ ಬೀಳುತ್ತದೆ), ಒಮ್ಮೆಗೆ 1 ಗಿಗಾಬೈಟ್ ಮುಟ್ಟುವಷ್ಟು ಕೇಳಬೇಡಿ. ಎಲ್ಲ ನಿಜ. ಆದರೆ ಕಿರಿಯರೊಬ್ಬರು ಅದನ್ನು ಪೂರ್ತಿ ಓದಿ ನನ್ನದೇ ತಪ್ಪನ್ನು ಮತ್ತೆ ಮಾಡಿದರು. ಅವರು ಪಟ್ಟಿಯ ಒಂದು ನಿಯಮವನ್ನೂ ಮುರಿದಿರಲಿಲ್ಲ, ನಾನೂ ಮುರಿದಿರಲಿಲ್ಲ. ಪಿ-ಅಲಾಕನ್ನೇ ಬಳಸಿದ್ದೆವು.

ಆದ್ದರಿಂದ ಎರಡನೇ ಸಲ ಬರೆಯುವಾಗ ಪ್ರತಿ ಫಂಕ್ಷನ್ನಿನ ಮೇಲೆ ಎರಡು ಸಾಲು ಕಡ್ಡಾಯ ಮಾಡಿದೆ. ಇದನ್ನು ಕರೆಯುವಾಗ ಯಾವ ಕಾಂಟೆಕ್ಸ್ಟ್ ಚಾಲ್ತಿಯಲ್ಲಿರುತ್ತದೆ. ಇದು ಹಿಂತಿರುಗಿಸಿದ್ದು ಎಲ್ಲಿಯವರೆಗೆ ಇರುತ್ತದೆ, ಬಿಡಬೇಕಾದವರು ಯಾರು. ಉದಾಹರಣೆಗಳನ್ನೂ ಬದಲಾಯಿಸಿದೆ. ಒಂದು ಸಾಲಿನ ಉದಾಹರಣೆ ತೆಗೆದುಹಾಕಿ, ಕುಂಬಳೆ, ಮುಳ್ಳೇರಿಯ, ಮತ್ತೆ ಕುಂಬಳೆ ಅಂತ ಅದಲುಬದಲಾಗಿ ಬರುವ ಪದಗಳ ಒಂದು ಟೇಬಲ್ ಕೊಟ್ಟೆ, ಕೈಯಿಂದ ಬರೆದ ಪದ ಬೇಡ, ಟೇಬಲ್ಲಿನಿಂದಲೇ ಓದಬೇಕು. ನಡುವೆ ಬೇಕೆಂದೇ ಒಂದು ಕೆಟ್ಟ ಪದ. ತಪ್ಪಾದ ಕೋಡನ್ನೂ ಪೂರ್ತಿ ಇಟ್ಟಿದ್ದೇನೆ, ಅದು ಕೊಡುವ ತಪ್ಪು ಉತ್ತರದ ಸಮೇತ. ಸರಿಯಾದದ್ದನ್ನು ಮಾತ್ರ ಕೊಟ್ಟರೆ ಓದುವವರಿಗೆ ತಮ್ಮ ಕೋಡ್ ಅದರ ಹಾಗೆಯೇ ಕಾಣಿಸ್ತದೆ.

ಪದಗಳಿಗೂ ಒದ್ದಾಡಿದೆ. ಕಾಂಟೆಕ್ಸ್ಟ್ ಅಂದರೆ "ಸಂದರ್ಭ" ಅಂತ ಮೊದಲು ಬರೆದಿದ್ದೆ. ಸಾಹಿತ್ಯದವರು ಓದಿ ಅರ್ಥದ ಸಂದರ್ಭ ಅಂತ ತಿಳಿದರು. ಈಗ ಕಾಂಟೆಕ್ಸ್ಟ್ ಅಂತಲೇ ಬಿಟ್ಟಿದ್ದೇನೆ, ಜೊತೆಗೆ ಹಂತಿಯ ಒಂದು ಚಿತ್ರ. ಲೀಕ್‌ಗೆ "ಸೋರಿಕೆ" ಸರಿ ಹೊಂದಿತು. ಡ್ಯಾಂಗ್ಲಿಂಗ್ ಪಾಯಿಂಟರಿಗೆ "ಮನೆ ಬಿಟ್ಟವರ ವಿಳಾಸ" ಅಂತ ಬರೆದೆ. ಅದರಲ್ಲಿ ಈಗ ಬೇರೆ ಯಾರೋ ಇರಬಹುದು ಎನ್ನುವುದೂ ಅದರೊಳಗೇ ಬರ್ತದೆ.

ಮಾತಿನ ನಂತರ ಹೊಸೂರಿನಿಂದ ಸೇರಿದ್ದ ಒಬ್ಬರು, ಇಷ್ಟೆಲ್ಲ ಅಪಾಯ ಇರುವಾಗ ಸಿ ಯಾಕೆ, ಪೋಸ್ಟ್‌ಗ್ರೆಸ್‌ನ ಪಿಎಲ್-ಪಿಜಿಎಸ್‌ಕ್ಯೂಎಲ್‌ನಲ್ಲೇ ಬರೆಯಬಹುದಿತ್ತಲ್ಲ ಅಂತ ಕೇಳಿದರು. ಊರಿನ ನಿಯಮದ ಭಾಗವನ್ನು ಖಂಡಿತ ಬರೆಯಬಹುದಿತ್ತು, ಈಗ ಹಾಗೆಯೇ ಬರೆದಿದ್ದೇವೆ. ನಾನು ಉಳಿಸಲು ಹೋದ ಸಮಯ ನಮ್ಮ ಸಂಗ್ರಹದ ಗಾತ್ರಕ್ಕೆ ಬೇಕಾಗಿಯೇ ಇರಲಿಲ್ಲ. ಸಿ ಉಳಿದದ್ದು ಲಿಪಿ ತಿರುಗಿಸುವಲ್ಲಿ ಮಾತ್ರ. ತಪ್ಪಾದ ಕಾಲಮ್ಮನ್ನು ಅಳಿಸಿ ಹೊಸದಾಗಿ ಲೆಕ್ಕ ಹಾಕಿದ್ದೇವೆ, ಮೂಲ ಕಾಲಮ್ಮು ಮುಟ್ಟಿರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಸಹಪಾಠಿ ಅಧ್ಯಾಯವನ್ನು ಹಿಂದೆ ಪಡೆದಿದ್ದಾರೆ. ಈಗ ಇಬ್ಬರೂ ಕುಳಿತು ಮುಳ್ಳೇರಿಯ ಕಡೆಯ ಮುದ್ರಣಗಳನ್ನು ಒಂದೊಂದಾಗಿ ಕೇಳುತ್ತಾ, ಕಾಲಮ್ ಹೇಳುವುದನ್ನೂ ಕಿವಿ ಹೇಳುವುದನ್ನೂ ಎದುರುಬದುರು ಬರೆಯುತ್ತಾ ಇದ್ದೇವೆ.